ಚಿತ್ರದ ಹಿಂಬದಿಯಲ್ಲಿ ನಿಂತವರು

(ಮುಂಬಯಿಯ ಮಾಟುಂಗದಲ್ಲಿ ಕನ್ನಡದ ಎಳೆಯ ಚಿತ್ರಗಾರರ ಮುಂದೆ ಆಡಿದ ಮಾತಿನ ಬರಹ ರೂಪ. ಅಂದು ಪರದೆಯ ಮೇಲೆ ತೋರಿಸಿದ ಪುಟಗಳನ್ನು ಇಲ್ಲಿ ಮಾತಿನಲ್ಲೇ ವಿವರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇವತ್ತು ನಿಮಗೆ ತೋರಿಸಲು ತಂದಿರುವುದು ನಾನು 1998ರಿಂದ 2004ರವರೆಗೆ ಬರೆದ ಕಾಮಿಕ್ಸ್. ಅಚ್ಚಾಗಲಿ ಅಂತ ಬರೆದದ್ದಲ್ಲ. ಕೆಲಸ ಮುಗಿಸಿ ರೂಮಿಗೆ ಬಂದು, ಊಟ ಆದ ಮೇಲೆ, ಆ ದಿನ ಏನಾಯಿತು ಅನ್ನುವುದನ್ನು ನಾಲ್ಕು ಚೌಕಗಳಲ್ಲಿ ಬರೆದಿಡುತ್ತಿದ್ದೆ. ಈಚೆಗೆ ಅವನ್ನೆಲ್ಲ ಸ್ಕ್ಯಾನ್ ಮಾಡಲು ಕೂತೆ. ಸ್ಕ್ಯಾನ್ ಮಾಡುವಾಗ ಒಂದೊಂದು ಪುಟವನ್ನೂ ದೊಡ್ಡದು ಮಾಡಿ, ಮೂಲೆ ಮೂಲೆ ನೋಡಬೇಕಾಗುತ್ತದೆ, ಅಲ್ವಾ? ಹಾಗೆ ನೋಡಿದಾಗ ಕಂಡದ್ದನ್ನೇ ಇವತ್ತು ಹೇಳುತ್ತೇನೆ. ಆಗ ನಾನು ಯಾವುದನ್ನು ಮುಖ್ಯ ಅಂದುಕೊಂಡು ಬರೆದೆನೋ ಅದು ಈಗ ಸಪ್ಪೆಯಾಗಿದೆ. ಜಾಗ ತುಂಬಲಿ ಅಂತ ಸುಮ್ನೆ ಹಿಂಬದಿಯಲ್ಲಿ ಗೀಚಿದ್ದು ಇವತ್ತಿಗೂ ಉಸಿರಾಡುತ್ತಿದೆ.

ನಾನು ಕುಂದಾಪುರದ ಕಡೆಯವನು. ಕೊಂಕಣ ರೈಲು ಪೂರ್ತಿ ಓಡಲು ಶುರುವಾದ 1998ರಲ್ಲೇ ಮುಂಬಯಿಗೆ ಬಂದೆ. ಕುರ್ಲಾದಲ್ಲಿ ಊರಿನವರ ರೂಮು. ಅಲ್ಲಿದ್ದವರಲ್ಲಿ ಜಾಸ್ತಿ ಜನ ಹೋಟೆಲ್ ಕೆಲಸದವರು. ನನಗೆ ಮಾತ್ರ ಪರೇಲ್ ಹತ್ತಿರ, ಎಲ್ಫಿನ್‌ಸ್ಟನ್ ರೋಡ್ ಸ್ಟೇಷನ್ನಿನ ಆಚೆ ಬದಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಡಿಟಿಪಿ ಕೆಲಸ ಸಿಕ್ಕಿತು, ಅಂದರೆ ಅಚ್ಚಿಗೆ ಹೋಗುವ ಪುಟಗಳನ್ನು ಕಂಪ್ಯೂಟರಿನಲ್ಲಿ ಜೋಡಿಸುವುದು. ಒಂದು ಗಾಲಾ, ಅಂದರೆ ಎಸ್ಟೇಟಿನ ಒಂದು ಮಳಿಗೆ. ಅದರಲ್ಲಿ ನಾಲ್ಕು ಕಂಪ್ಯೂಟರು, ಕೆಳಗಿನಿಂದ ಬೆಳಕು ಬರುವ ಒಂದು ಲೈಟ್ ಟೇಬಲ್. ಸುತ್ತ ಎಲ್ಲ ಅದೇ ಕಸುಬಿನವರು. ಅಚ್ಚಿನ ಪ್ಲೇಟಿಗೆ ಬೇಕಾದ ಫಿಲ್ಮ್ ತೆಗೆಯುವವರು, ಪ್ಲೇಟ್ ಮಾಡುವವರು, ಆಫ್‌ಸೆಟ್ ಪ್ರೆಸ್ಸಿನವರು, ಬೈಂಡಿಂಗಿನವರು. ಅದರಾಚೆ ಮಿಲ್ಲುಗಳ ಚಿಮಣಿ. 1982ರ ಮುಷ್ಕರದ ನಂತರ ಅಲ್ಲಿನ ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕುತ್ತ ಬಂದಿದ್ದವು.

ಮೊದಲು ಒಂದು ಸಾದಾ ಪುಟ ನೋಡಿ. 1998ರ ಕೊನೆಯದು. ಒಂದನೇ ಚೌಕದಲ್ಲಿ ನಾನು ಲೈಟ್ ಟೇಬಲ್ ಮೇಲೆ ಬಗ್ಗಿ ನಿಂತಿದ್ದೇನೆ. ಎರಡನೆಯದರಲ್ಲಿ ಸೇಠ್ ಬಂದು ನಿಂತಿದ್ದಾರೆ. ಮೂರನೆಯದರಲ್ಲಿ ಏನೋ ಮಾತು. ನಾಲ್ಕನೆಯದು ನಗೆ. ಸಣ್ಣವನಿದ್ದಾಗ ಇಂದ್ರಜಾಲ ಕಾಮಿಕ್ಸ್ ಓದಿದವನು ನಾನು, ಪೇಪರಿನಲ್ಲಿ ಬರುವ ಚುಟುಕು ಕಾಮಿಕ್ಸನ್ನು ಕತ್ತರಿಸಿ ಇಟ್ಟುಕೊಂಡವನು. ಹಾಗಾಗಿ ಕೊನೆಯ ಚೌಕಕ್ಕೆ ಒಂದು ನಗೆ ಇರಲೇಬೇಕು ಅಂತ ನನ್ನ ಲೆಕ್ಕ. ಇಡೀ ದಿನ ಆ ನಗೆಗೇ ಹುಡುಕುತ್ತಿದ್ದೆ. ಈ ಪುಟದ ನಗೆ ಏನು ಅಂತ ಈಗ ನನಗೇ ತಿಳಿಯುವುದಿಲ್ಲ. ಆದರೆ ಲೈಟ್ ಟೇಬಲ್ ನೋಡಿ. ನಾಲ್ಕು ಬಣ್ಣಕ್ಕೆ ನಾಲ್ಕು ಫಿಲ್ಮ್. ಒಂದರ ಮೇಲೊಂದು ಇಟ್ಟು, ಮೂಲೆಯ ಕೂಡು ಗುರುತು ಸರಿಯಾಗಿ ಕೂತಿದೆಯಾ ಅಂತ ಕಣ್ಣಿಗೆ ಭೂತಗನ್ನಡಿ ಒತ್ತಿ ನೋಡುವುದು. ಕೂದಲೆಳೆಯಷ್ಟು ಜರುಗಿದರೂ ಅಚ್ಚಿನಲ್ಲಿ ಮುಖಕ್ಕೆ ಎರಡು ತುಟಿ ಅಂಚು ಬರುತ್ತದೆ. ಟೇಬಲಿನ ಕಾಲಿಗೆ ಸುತ್ತಿದ ಸೆಲ್ಲೋಟೇಪ್ ತುಣುಕುಗಳನ್ನೂ ಬರೆದಿದ್ದೇನೆ. ಫಿಲ್ಮ್ ಅಂಟಿಸಲು ಬೇಗ ಸಿಗಲಿ ಅಂತ ಮೊದಲೇ ಹರಿದು ಅಲ್ಲಿ ಅಂಟಿಸಿಡುತ್ತಿದ್ದೆವು. ಈಗ ಕಂಪ್ಯೂಟರಿನಿಂದ ಸೀದಾ ಪ್ಲೇಟಿಗೇ ಹೋಗುತ್ತದೆ. ಫಿಲ್ಮೂ ಇಲ್ಲ, ಆ ಟೇಬಲೂ ಇಲ್ಲ. ಆ ಟೇಪಿನ ತುಣುಕುಗಳ ಫೋಟೋ ಯಾರ ಹತ್ತಿರವೂ ಇರಲಾರದು. ಯಾರು ತೆಗೆಯುತ್ತಾರೆ ಹೇಳಿ?

ಇನ್ನು ಈ ಪುಸ್ತಕಗಳ ವಿಷಯ. ಅಂಗಡಿಯಿಂದ ತಂದದ್ದಲ್ಲ. ಪ್ರೆಸ್ಸಿನಲ್ಲಿ ದೊಡ್ಡ ಶೀಟುಗಳನ್ನು ಅಳತೆಗೆ ಕತ್ತರಿಸಿದಾಗ ಅಂಚಿನಲ್ಲಿ ಪಟ್ಟಿ ಪಟ್ಟಿಯಾಗಿ ಕಾಗದ ಉಳಿಯುತ್ತದೆ, ರದ್ದಿಗೆ ಹೋಗುವ ಮಾಲು. ನಮ್ಮ ಎದುರಿನ ಗಾಲಾದಲ್ಲಿ ಬೈಂಡಿಂಗ್ ಮಾಡುವ ಒಬ್ಬರು ವಯಸ್ಸಾದ ಮರಾಠಿಯವರಿದ್ದರು. ಎಲ್ಲರಿಗೂ ಅವರು ಕಾಕಾ. ಮೊದಲು ಮಿಲ್ಲಿನಲ್ಲಿ ಮಗ್ಗದ ಖಾತೆಯಲ್ಲಿದ್ದವರು, ಮಿಲ್ಲು ನಿಂತ ಮೇಲೆ ಈ ಕೆಲಸ ಕಲಿತವರು. ನಾನು ಹಾಳೆಗಳ ಮೇಲೆ ಗೀಚುವುದನ್ನು ನೋಡಿ, ಕೇಳದೆಯೇ ಒಂದು ಪುಸ್ತಕ ಹೊಲಿದು ಕೊಟ್ಟರು. ಅದು ತುಂಬಿದ ಮೇಲೆ ಇನ್ನೊಂದು. ಆಮೇಲೆ ಅದೇ ರೂಢಿಯಾಯಿತು.

ಅವರು ಪುಸ್ತಕ ಕಟ್ಟುವ ಒಂದು ಪುಟ ಇದೆ, ಇದು. ಮುಖ ಇಲ್ಲ, ಕೈ ಮಾತ್ರ. ಹಾಳೆ ಮಡಚಿ, ಮಡಿಕೆಯ ಮೇಲೆ ನುಣುಪಾದ ಮರದ ಪಟ್ಟಿ ಎಳೆಯುವುದು. ದಾರಕ್ಕೆ ಮೇಣ ಸವರುವುದು. ಬೆನ್ನಿಗೆ ಅಂಟು ಹಚ್ಚುವುದು. ಆ ಅಂಟನ್ನು ಅವರೇ ಕುದಿಸುತ್ತಿದ್ದರು. ಮೈದಾ ಹಿಟ್ಟು, ನೀರು, ಅದಕ್ಕೆ ಒಂದು ಚಿಟಿಕೆ ಮೈಲುತುತ್ತ. ಬರೀ ಮೈದಾ ಆದರೆ ಹುಳಕ್ಕೆ ಹಬ್ಬ. ಮೈಲುತುತ್ತ ಬಿದ್ದರೆ ಹುಳ ಹತ್ತಿರ ಸುಳಿಯುವುದಿಲ್ಲ, ಅಂಟಿಗೆ ಬೂಸ್ಟೂ ಬರುವುದಿಲ್ಲ. ಪುಟದ ಅಂಚಿನಲ್ಲಿ ಇದನ್ನೆಲ್ಲ ಬರೆದಿಟ್ಟುಕೊಂಡಿದ್ದೇನೆ, ಸ್ಟೌವಿನ ಮೇಲಿನ ಡಬ್ಬಿಯ ಚಿತ್ರದ ಸಮೇತ. ಮುಂಬಯಿಯ ಹವೆಯಲ್ಲಿ ಇಷ್ಟು ವರ್ಷ ಕಳೆದರೂ ಈ ಪುಸ್ತಕಗಳ ಬೆನ್ನು ಬಿಟ್ಟಿಲ್ಲ, ಹುಳ ಹಿಡಿದಿಲ್ಲ.

ಈಗ ನಾನು ತುಂಬ ಹೊತ್ತು ನಿಂತು ನೋಡಿದ ಪುಟಗಳಿಗೆ ಬರುತ್ತೇನೆ. ದೀಪಾವಳಿ ಹತ್ತಿರ ಬಂದರೆ ನಮಗೆ ಕ್ಯಾಲೆಂಡರು, ಡೈರಿ, ಗ್ರೀಟಿಂಗ್ ಕಾರ್ಡುಗಳ ಸೀಸನ್. ರಾತ್ರಿ ಕೊನೆಯ ಲೋಕಲ್ ಹೊತ್ತಿನ ತನಕ ಕೆಲಸ. ಆ ರಾತ್ರಿಗಳ ಪುಟಗಳಲ್ಲಿ ನಾನು ಕಂಪ್ಯೂಟರ್ ಮುಂದೆ ಕೂತಿದ್ದೇನೆ. ಚೌಕದ ಮಧ್ಯೆ ನಾನೇ. ಕಣ್ಣಿನ ಕೆಳಗೆ ಕಪ್ಪು ಗೆರೆ, ತಲೆಯ ಮೇಲೆ ಮೋಡ. ನನ್ನ ಬೆನ್ನ ಹಿಂದೆ ಬಾಗಿಲು ತೆರೆದಿದೆ. ಬಾಗಿಲಾಚೆ ಪ್ಯಾಸೇಜು. ಅದರಾಚೆ ಎದುರಿನ ಗಾಲಾ, ಅಲ್ಲೊಂದು ಬಲ್ಬು, ಒಂದು ಸ್ಟೂಲು, ಸ್ಟೂಲಿನ ಮೇಲೆ ಒಬ್ಬರು. ನಾಲ್ಕಾರು ಗೆರೆಯ ಆಕೃತಿ ಅಷ್ಟೇ. ಮುಂದಿನ ಪುಟ ತಿರುವಿದೆ, ಅಲ್ಲೂ ಇದ್ದಾರೆ. ಅದರ ಮುಂದಿನದರಲ್ಲೂ. 1999ರ ಸೀಸನ್, 2000ದ ಸೀಸನ್, 2001ರದ್ದು. ತಡರಾತ್ರಿಯ ಪುಟ ಯಾವುದೇ ಇರಲಿ, ಅದೇ ಬಾಗಿಲು, ಅದೇ ಸ್ಟೂಲು, ಅದೇ ಕಾಕಾ.

ಆ ದಿನಗಳ ಬಗ್ಗೆ ಯಾರಾದರೂ ಕೇಳಿದ್ದರೆ, ರಾತ್ರಿ ಒಬ್ಬನೇ ಕೂತು ಕೆಲಸ ಮಾಡುತ್ತಿದ್ದೆ ಅಂತಲೇ ಹೇಳುತ್ತಿದ್ದೆ. ಹಾಗೇ ನೆನಪಿದೆ. ಪುಟ ಬೇರೆ ಹೇಳುತ್ತಿದೆ. ಮತ್ತೆ ಯೋಚನೆ ಮಾಡಿ. ನಾನು ಫೈಲ್ ಮುಗಿಸಿ, ಅದು ಫಿಲ್ಮಾಗಿ, ಪ್ಲೇಟಾಗಿ, ಅಚ್ಚಾಗಿ, ಒಣಗಿದ ಮೇಲೆ ತಾನೇ ಬೈಂಡಿಂಗಿಗೆ ಬರುವುದು? ನನ್ನ ಆ ರಾತ್ರಿಯ ಕೆಲಸಕ್ಕಾಗಿ ಅವರು ಕಾಯಬೇಕಾದ್ದೇ ಇರಲಿಲ್ಲ. ಕೈಯಲ್ಲಿ ಬೇರೆ ಕೆಲಸ ಇತ್ತೇ ಅಂದರೆ, ಚಿತ್ರದಲ್ಲಿ ಕೈ ಖಾಲಿ ಇದೆ. ಹಾಗಾದರೆ ಯಾಕೆ ಕೂತಿದ್ದರು? ಮಿಲ್ಲಿನ ರಾತ್ರಿ ಪಾಳಿಯ ಅಭ್ಯಾಸವೋ, ಚಾಳಿನ ಒಂದೇ ರೂಮಿನಲ್ಲಿ ಎಲ್ಲರೂ ಮಲಗಿದ ಮೇಲೆ ಹೋಗೋಣ ಅಂತಲೋ, ಊರು ಬಿಟ್ಟು ಬಂದ ಹುಡುಗ ಒಬ್ಬನೇ ಇದ್ದಾನೆ ಅಂತಲೋ. ಕೇಳೋಣ ಅಂದರೆ ಅವರು ಈಗಿಲ್ಲ. ನನ್ನ ಮಟ್ಟಿಗೆ ಈ ಪುಸ್ತಕಗಳಲ್ಲಿ ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿಲ್ಲ. ಅದು ಬಂದದ್ದು ನಾನು ಬರೆಯಬೇಕು ಅಂದುಕೊಂಡದ್ದರಿಂದ ಅಲ್ಲ. ಬಾಗಿಲು ಬರೆದೆ, ಬಾಗಿಲಾಚೆ ಕಂಡದ್ದನ್ನೂ ಬರೆದೆ, ಅಷ್ಟೇ.

ಈಗ ತೋರಿಸುವ ಪುಟ 1999ರ ಮಳೆಗಾಲದ್ದು. ಕುರ್ಲಾದಿಂದ ಸ್ಲೋ ಲೋಕಲ್ ಹತ್ತಿ, ಪರೇಲಿನಲ್ಲಿ ಇಳಿದು, ನಡೆಯುವ ಸೇತುವೆ ದಾಟಿ ಎಲ್ಫಿನ್‌ಸ್ಟನ್ ಕಡೆಗೆ ಬರುವುದು ನನ್ನ ದಿನದ ದಾರಿ. ಮೊದಲ ಚೌಕದಲ್ಲಿ ಚೌಥಾ ಸೀಟು. ಮೂವರ ಬೆಂಚಿನಲ್ಲಿ ನಾಲ್ಕನೆಯವನಾಗಿ ಅರ್ಧ ಕೂತಿದ್ದೇನೆ. ಎರಡನೆಯದರಲ್ಲಿ ಸೇತುವೆಯ ಮೆಟ್ಟಿಲು. ಮೂರನೆಯದರಲ್ಲಿ ಮೆಟ್ಟಿಲಿನ ಮೇಲಿನ ಜನ. ನಾಲ್ಕನೇ ಚೌಕದಲ್ಲಿ ಒಂದು ತಮಾಷೆ ಇತ್ತು. ಅದನ್ನು ಇವತ್ತು ಮುಚ್ಚಿ ತೋರಿಸುತ್ತಿದ್ದೇನೆ.

2017ರ ಸೆಪ್ಟೆಂಬರ್ 29ರ ಬೆಳಿಗ್ಗೆ ಇದೇ ಸೇತುವೆಯ ಮೇಲೆ ಕಾಲ್ತುಳಿತ ಆಯಿತು. ಇದ್ದಕ್ಕಿದ್ದಂತೆ ಮಳೆ ಬಂತು. ಕೆಳಗಿಳಿಯಬೇಕಾದವರು ಮಳೆ ನಿಲ್ಲಲಿ ಅಂತ ಮೇಲೆಯೇ ನಿಂತರು. ಹಿಂದಿನಿಂದ ರೈಲಿಳಿದವರು ಬರುತ್ತಲೇ ಇದ್ದರು. 23 ಜನ ಹೋದರು. ನೀವೆಲ್ಲ ಓದಿರುತ್ತೀರಿ. ನಿಮ್ಮಲ್ಲಿ ಕೆಲವರು ಆ ದಿನ ಆ ದಾರಿಯಲ್ಲೇ ಇದ್ದಿರಲೂಬಹುದು. ಈಗ ಮೂರನೇ ಚೌಕ ನೋಡಿ. ಮೆಟ್ಟಿಲಿನ ಅಗಲ ನೋಡಿ. ಟಿಫಿನ್ ಡಬ್ಬಿಯನ್ನು ತಲೆಯ ಮೇಲೆ ಎತ್ತಿ ಹಿಡಿದ ಹೆಂಗಸು. ಕಂಬಿಗೆ ಒತ್ತಿಕೊಂಡು ನಿಂತ ಮುದುಕ. ಮಡಚಲು ಜಾಗವಿಲ್ಲದೆ ಅರ್ಧ ತೆರೆದೇ ಉಳಿದ ಕೊಡೆ. ಮಿಲ್ಲುಗಳಿದ್ದ ಕಡೆ ಆಫೀಸುಗಳು ಬಂದವು, ಜನ ಹೆಚ್ಚುತ್ತ ಹೋದರು, ಮೆಟ್ಟಿಲು ಅಷ್ಟೇ ಉಳಿಯಿತು. ಅಲ್ಲಿ ದಿನಾ ಓಡಾಡುವ ಎಲ್ಲರಿಗೂ ಅದು ಗೊತ್ತಿತ್ತು. ಗೊತ್ತಿತ್ತು ಅನ್ನುವುದಕ್ಕೆ ಈ ಚೌಕ ಒಂದು ಸಾಕ್ಷಿ. ಈಗ ಆ ಸ್ಟೇಷನ್ನಿನ ಹೆಸರು ಪ್ರಭಾದೇವಿ, ಅಲ್ಲಿ ಹೊಸ ಸೇತುವೆಯೂ ಬಂದಿದೆ. ಹಳೆಯ ಮೆಟ್ಟಿಲಿನ ಮೇಲೆ ನಿಂತ ಆ ಹೆಂಗಸನ್ನು, ಆ ಮುದುಕರನ್ನು ಬರೆದಿಟ್ಟೆನಲ್ಲ ಅಂತ ನನಗೆ ಸಮಾಧಾನವಿದೆ.

ಇದು ನನ್ನೊಬ್ಬನ ಅನುಭವ ಅಂತ ಅಂದುಕೊಳ್ಳಬೇಡಿ. ಗೋವಾದ ಲೋಟುಲಿಮ್‌ನ ಮಾರಿಯೊ ಮಿರಾಂಡ ಎಳೆಯ ವಯಸ್ಸಿನಲ್ಲೇ ಚಿತ್ರದ ದಿನಚರಿ ಇಡುತ್ತಿದ್ದರು. ಅವರ 1949, 1950, 1951ರ ದಿನಚರಿಗಳು ಈಗ ಪುಸ್ತಕವಾಗಿ ಬಂದಿವೆ. ಅವರು ಹುಟ್ಟಿದ್ದು 1926ರಲ್ಲಿ. ಅಂದರೆ ಆಗ ನಿಮ್ಮಷ್ಟೇ ವಯಸ್ಸು, ಇನ್ನೂ ಹೆಸರು ಬಂದಿರಲಿಲ್ಲ. ಗೋವಾ ಪೋರ್ಚುಗೀಸರ ಕೈಯಿಂದ ಬಿಡುಗಡೆಯಾಗಲು ಇನ್ನೂ ಹತ್ತು ವರ್ಷ ಇತ್ತು. ಆಮೇಲೆ ಅವರು ಮುಂಬಯಿಯ ಪತ್ರಿಕೆಗಳಲ್ಲಿ ಬರೆದ ಕಿಕ್ಕಿರಿದ ಚಿತ್ರಗಳು ನಿಮಗೆ ಗೊತ್ತು. ಅಲ್ಲಿ ಒಂದು ನಾಯಿ, ಒಂದು ಕಾಗೆ ಕೂಡ ತನ್ನ ಪಾಡಿಗೆ ಏನೋ ಮಾಡುತ್ತಿರುತ್ತದೆ. ಆ ಕಣ್ಣು ಪಳಗಿದ್ದು ದಿನಚರಿಯಲ್ಲಿ ಅಂತ ನಾನು ನಂಬುತ್ತೇನೆ.

ನಮ್ಮ ಮೈಸೂರಿನಿಂದ ಬಂದು ಇದೇ ಊರಿನಲ್ಲಿ ದಶಕಗಟ್ಟಲೆ ಬರೆದ ಆರ್.ಕೆ. ಲಕ್ಷ್ಮಣ್ ಅವರ ಶ್ರೀಸಾಮಾನ್ಯನನ್ನೇ ನೋಡಿ. ಬಾಯಿ ಬಿಡುವುದಿಲ್ಲ. ಮಾತಾಡುವವರೆಲ್ಲ ಬೇರೆಯವರು. ಅವನು ಒಂದು ಬದಿಯಲ್ಲಿ ನಿಂತು ನೋಡುತ್ತಾನೆ. ಆದರೂ ನಮ್ಮ ಕಣ್ಣು ಮೊದಲು ಹೋಗುವುದು ಅವನ ಕಡೆಗೇ.

ಚಿತ್ರ ಬರುವುದಿಲ್ಲ ಅಂತ ಹಿಂದೆ ಸರಿಯುವವರಿಗೆ ಇನ್ನೊಬ್ಬರ ಹೆಸರು ಹೇಳುತ್ತೇನೆ. ಅಮೆರಿಕದ ಕ್ಲೀವ್‌ಲ್ಯಾಂಡಿನ ಹಾರ್ವಿ ಪೀಕಾರ್. ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಫೈಲು ಜೋಡಿಸುವ ಗುಮಾಸ್ತ. 1976ರಿಂದ ತಮ್ಮ ದಿನದ ಬದುಕನ್ನೇ ಕಾಮಿಕ್ಸ್ ಮಾಡಿ ಹೊರತಂದರು. ಅವರಿಗೆ ಚಿತ್ರ ಬರುತ್ತಿರಲಿಲ್ಲ. ಚೌಕ ಹಾಕಿ, ಕಡ್ಡಿ ಗೊಂಬೆ ನಿಲ್ಲಿಸಿ, ಮಾತು ತುಂಬಿ ಚಿತ್ರಗಾರರ ಕೈಗೆ ಕೊಡುತ್ತಿದ್ದರು. ಹೆಸರು ಬಂದ ಮೇಲೂ ಆ ಕೆಲಸ ಬಿಡದೆ, 2001ರಲ್ಲಿ ಅಲ್ಲಿಂದಲೇ ನಿವೃತ್ತರಾದರು. ಅವರ ಕಥೆಗಳಲ್ಲಿ ಅವರ ಜೊತೆ ಕೆಲಸ ಮಾಡುವವರಿಗೆ, ಅವರ ಮಾತಿನ ಧಾಟಿಗೆ ಎಷ್ಟು ಜಾಗ ಇದೆ ಅಂತ ಗಮನಿಸಿ.

ಪಾತ್ರದ ಮಾತು ಬರೆಯುವ ಬಲೂನನ್ನು ಕನ್ನಡದಲ್ಲಿ ತುಂಬುವ ಬಗ್ಗೆ ಒಂದು ಮಾತು ಹೇಳಲೇಬೇಕು. ಇಲ್ಲಿರುವ ಜಾಸ್ತಿ ಜನ ಇಂಗ್ಲಿಷ್ ಕಾಮಿಕ್ಸ್ ನೋಡಿ ಕಲಿತವರು. ಅಲ್ಲಿ ಎಲ್ಲ ದೊಡ್ಡಕ್ಷರ, ಮೇಲೆ ಕೆಳಗೆ ಒಂದೇ ಎತ್ತರ, ಸಾಲುಗಳನ್ನು ಒತ್ತೊತ್ತಾಗಿ ಕೂರಿಸಬಹುದು. ನಮ್ಮಲ್ಲಿ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಗುಡಿಸು ಮೇಲೆ ಏಳುತ್ತದೆ. ಮೇಲಿನ ಸಾಲಿನ ‘ರಾತ್ರಿ’ ಕೆಳಗಿನ ಸಾಲಿನ ‘ಕೀಲಿ’ಯ ತಲೆಗೆ ತಾಗುತ್ತದೆ. ಪದಗಳೂ ಉದ್ದ. ‘ಹೋಗಬೇಕಾಗಿತ್ತಲ್ಲ’ ಅಂದರೆ ಒಂದು ಬಲೂನು ಮುಗಿಯಿತು. ಆಡುಮಾತಿಗೆ ಇಳಿಸಿದರೆ ಪದ ಗಿಡ್ಡ ಆಗುತ್ತದೆ, ಆದರೆ ಒತ್ತು ಜಾಸ್ತಿ ಆಗುತ್ತದೆ. ‘ಹೋಗಬೇಕು’ ಅನ್ನುವಲ್ಲಿ ಒತ್ತೇ ಇಲ್ಲ, ‘ಹೋಗ್ಬೇಕು’ ಅಂದ ಕೂಡಲೇ ಒಂದು ಬಂತು. ಅಗಲ ಉಳಿಸಿದರೆ ಎತ್ತರ ಕೊಡಬೇಕು. ಹಾಗಾಗಿ ನಾನು ಮೊದಲು ಮಾತು ಬರೆದು, ಅದರ ಸುತ್ತ ಬಲೂನು ಎಳೆದು, ಉಳಿದ ಜಾಗದಲ್ಲಿ ಚಿತ್ರ ಬರೆಯುವ ಅಭ್ಯಾಸ ಮಾಡಿಕೊಂಡೆ. ನೀವೂ ಮಾಡಿ ನೋಡಿ. ಮಾತು ಕಮ್ಮಿಯಾಗಿ ಚಿತ್ರಕ್ಕೆ ಜಾಗ ತಾನಾಗಿ ಸಿಗುತ್ತದೆ.

ಅದೇ ಕಾಲದಲ್ಲಿ ನಾನು ಆಫೀಸಿನಲ್ಲಿ ಮಾಡಿದ ಕೆಲಸ ಏನಾಯಿತು? ಎಲ್ಲ 100 ಎಂಬಿಯ ಜಿಪ್ ಡಿಸ್ಕುಗಳಲ್ಲಿದೆ. ಡಿಸ್ಕು ಇದೆ, ಓದುವ ಡ್ರೈವ್ ಇಲ್ಲ. ಹೇಗೋ ತೆರೆದರೂ ಯೂನಿಕೋಡ್‌ಗೆ ಮುಂಚಿನ ಕನ್ನಡ ಫಾಂಟುಗಳು. ಆ ಫಾಂಟ್ ಇಲ್ಲದಿದ್ದರೆ ಪರದೆಯ ಮೇಲೆ ಅರ್ಥವಿಲ್ಲದ ಚಿಹ್ನೆಗಳ ರಾಶಿ. ಕೈಯಲ್ಲಿ ಬರೆದ ಬಲೂನಿಗೆ ಆ ತಾಪತ್ರಯ ಇಲ್ಲ.

ಕೈಬರಹಕ್ಕೆ ಬೇರೆ ತಾಪತ್ರಯಗಳಿವೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನದಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ಮಿಠಿ ನದಿ ಉಕ್ಕಿ ಕುರ್ಲಾದ ರೂಮಿಗೆ ನೀರು ನುಗ್ಗಿತು. ಪುಸ್ತಕಗಳಿದ್ದ ಟ್ರಂಕು ಮಂಚದ ಕೆಳಗಿತ್ತು. ಮ್ಯಾಪ್ಲಿಥೋ, ಅಂದರೆ ಲೇಪವಿಲ್ಲದ ಸಾದಾ ಕಾಗದದ ಪುಸ್ತಕಗಳನ್ನು ಹಗ್ಗದ ಮೇಲೆ ಹರವಿ, ಪುಟ ಬಿಡಿಸಿ ಬಿಡಿಸಿ ಒಣಗಿಸಿದೆವು. ಸುಕ್ಕಾದವು, ಆದರೆ ಉಳಿದವು. ಆರ್ಟ್ ಪೇಪರಿನ ಒಂದು ಪುಸ್ತಕ ಮಾತ್ರ ಇಟ್ಟಿಗೆಯಂತೆ ಗಟ್ಟಿಯಾಯಿತು. ಆ ಕಾಗದಕ್ಕೆ ಹೊಳಪು ಬರಲಿ ಅಂತ ಮೇಲೆ ಬಿಳಿ ಮಣ್ಣಿನ ಲೇಪ ಇರುತ್ತದೆ. ಒದ್ದೆಯಾದರೆ ಲೇಪ ಕರಗಿ ಪುಟಕ್ಕೆ ಪುಟ ಅಂಟುತ್ತದೆ, ಒಣಗಿದ ಮೇಲೆ ಬಿಡುವುದೇ ಇಲ್ಲ. ಆ ಪುಸ್ತಕ ಬರೆದ ವರ್ಷದ ಗಣೇಶ ಚೌತಿ, ಊರಿಗೆ ಹೋದ ಪುಟಗಳೆಲ್ಲ ಅದರೊಳಗೇ ಇವೆ. ಇನ್ನು ಮಸಿ. ಫೌಂಟನ್ ಪೆನ್ನಿನ ನೀಲಿ ಕಲೆ ಕಲೆಯಾಗಿ ಹರಡಿತು. ಇಂಡಿಯನ್ ಇಂಕ್ ಇದ್ದ ಕಡೆ ಒಂದು ಗೆರೆಯೂ ಕದಲಲಿಲ್ಲ. ಅದು ಇಂಗಾಲದ ಮಸಿ. ಒಣಗಿತು ಅಂದರೆ ನೀರಿಗೂ ಬಗ್ಗದು, ಬಿಸಿಲಿಗೂ ಮಾಸದು. ಬಾಲ್‌ಪೆನ್ ನೀರಿಗೆ ತಡೆಯುತ್ತದೆ, ಆದರೆ ವರ್ಷ ಕಳೆದಂತೆ ಗೆರೆಯ ಸುತ್ತ ಎಣ್ಣೆ ಹಬ್ಬಿ ಹಳದಿ ಅಂಚು ಕಟ್ಟುತ್ತದೆ. ನೀವು ಪೆನ್ನು ಕೊಳ್ಳುವಾಗ ‘ಪಿಗ್ಮೆಂಟ್ ಇಂಕ್, ವಾಟರ್‌ಪ್ರೂಫ್’ ಅಂತ ಇದೆಯಾ ನೋಡಿಕೊಳ್ಳಿ. ಹತ್ತು ರೂಪಾಯಿ ಜಾಸ್ತಿ ಆದರೂ ಪರವಾಗಿಲ್ಲ.

ಬೇರೆಯವರನ್ನು ಬರೆಯುತ್ತೀರಲ್ಲ, ತೋರಿಸುವುದು ಸರಿಯಾ ಅಂತ ಒಬ್ಬರು ಮೊದಲೇ ಚೀಟಿ ಕಳಿಸಿದ್ದಾರೆ. ಒಳ್ಳೆಯ ಪ್ರಶ್ನೆ. ಬರೆಯುವಾಗ ಯಾರನ್ನೂ ಕೇಳಬೇಕಿಲ್ಲ, ಅದು ನಿಮ್ಮ ಪುಸ್ತಕ. ಹೊರಗೆ ತೋರಿಸುವಾಗ ಕೇಳಲೇಬೇಕು. ನಮ್ಮ ರೂಮಿನಲ್ಲಿ ಹಿರಿಯರೊಬ್ಬರಿದ್ದರು, ಹೋಟೆಲಿನಲ್ಲಿ ದೋಸೆ ಹುಯ್ಯುವವರು. ನಮಗೆಲ್ಲ ಅವರು ಅಣ್ಣ. ಈಗ ಊರಲ್ಲಿದ್ದಾರೆ. ಈ ಪುಟಗಳನ್ನು ತೋರಿಸುತ್ತೇನೆ, ಅಡ್ಡಿಯಿಲ್ಲವಾ ಅಣ್ಣ ಅಂತ ಫೋನ್ ಮಾಡಿ ಕೇಳಿದೆ. “ಹಾಕ್ ಮಾರಾಯ. ಆ ಕಾಗ್ದದ್ ಪುಟ ಒಂದ್ ಬ್ಯಾಡ” ಅಂದರು. ಮನೆಗೆ ಬರೆಯುವ ಕಾಗದವನ್ನು ಅವರು ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. ಅದರ ಮೇಲೆ ನಾನೊಂದು ಕಾಮಿಕ್ಸ್ ಮಾಡಿದ್ದೆ. ಇಷ್ಟು ವರ್ಷದ ಮೇಲೂ ಅವರಿಗೆ ಆ ಒಂದು ಪುಟ ನೆನಪಿದೆ ನೋಡಿ. ಅದು ಇವತ್ತು ಇಲ್ಲಿಲ್ಲ. ಸಂಬಳ ತಡವಾದ ತಿಂಗಳುಗಳ ಪುಟಗಳನ್ನೂ ತಂದಿಲ್ಲ. ಅವು ಸಿಟ್ಟಿನಲ್ಲಿ ಬರೆದವು. ಅಲ್ಲಿ ಹಿಂಬದಿಯೇ ಇಲ್ಲ, ಮುಖಗಳು ಮಾತ್ರ.

ನಿಮ್ಮಲ್ಲಿ ಬಹಳ ಜನ ಐರೋಲಿ, ಪವಾಯಿ ಕಡೆ ಲ್ಯಾಪ್‌ಟಾಪ್ ಮುಂದೆ ಕೆಲಸ ಮಾಡುವವರು. ಅರ್ಧ ವಾರ ಮನೆಯಿಂದಲೇ. ಬರೆಯಲು ಏನಿದೆ, ಒಂದು ಪರದೆ ತಾನೇ ಅಂತ ನಿಮಗೆ ಅನ್ನಿಸುತ್ತದೆ. ವಿಡಿಯೋ ಮೀಟಿಂಗಿನಲ್ಲಿ ಹಿಂಬದಿಯನ್ನು ಮಸುಕು ಮಾಡುವ ಒಂದು ಗುಂಡಿ ಇದೆಯಲ್ಲ, ಅದು ಮಸುಕು ಮಾಡುವುದನ್ನೇ ಬರೆಯಿರಿ. ಬಟ್ಟೆ ಒಣಹಾಕಿದ ಸ್ಟ್ಯಾಂಡು, ಅಡುಗೆಮನೆಯಿಂದ ಇಣುಕುವ ಅಮ್ಮ, ಸ್ವಿಚ್ಚಿಗೆ ಚುಚ್ಚಿದ ಮೂರು ಚಾರ್ಜರು. ತಾರೀಖು ಹಾಕಿ. ಜಾಗದ ಹೆಸರು ಹಾಕಿ. ಬೆಲೆ ಇದ್ದರೆ ಬೆಲೆ ಬರೆಯಿರಿ. ನನ್ನ ಒಂದು ಪುಟದಲ್ಲಿ ‘ಕಟಿಂಗ್ 2 ರೂ.’ ಅಂತ ಇದೆ, ಅಂದರೆ ಅರ್ಧ ಲೋಟ ಚಹಾದ ಬೆಲೆ. ಪಕ್ಕದಲ್ಲೇ ಲೋಕಲ್ಲಿನ ಕೂಪನ್ ಅಂಟಿಸಿದ್ದೇನೆ. ಮಷೀನಿಗೆ ತೂರಿ ಮುದ್ರೆ ಹಾಕಿಸಿಕೊಳ್ಳುತ್ತಿದ್ದೆವಲ್ಲ, ಆ ಕೂಪನ್. ಈ ಸಭೆಯ ಸಣ್ಣವರು ಅದನ್ನು ನೋಡಿಯೇ ಇಲ್ಲ. ವಾರಕ್ಕೆ ಒಂದು ಚೌಕವಾದರೂ ನೀವಿಲ್ಲದೆ ಬರೆಯಿರಿ. ಸೆಕ್ಯೂರಿಟಿಯವರು ಬಿಸಿಲು ಬಂದ ಹಾಗೆ ಕುರ್ಚಿಯನ್ನು ಎಲ್ಲಿಂದ ಎಲ್ಲಿಗೆ ಸರಿಸುತ್ತಾರೆ, ಅದೊಂದೇ ಸಾಕು ಒಂದು ಪುಟಕ್ಕೆ.

ಪುಸ್ತಕಗಳನ್ನು ಆ ಕಿಟಕಿ ಪಕ್ಕದ ಮೇಜಿನ ಮೇಲೆ ಇಟ್ಟಿದ್ದೇನೆ. ಚಹಾ ಮುಗಿಸಿ, ಕೈ ಒರೆಸಿಕೊಂಡು ಬನ್ನಿ. ಅಂಟಿಕೊಂಡ ಪುಸ್ತಕವೂ ಅಲ್ಲೇ ಇದೆ, ಮುಟ್ಟಿ ನೋಡಿ, ಬಿಡಿಸಲು ಹೋಗಬೇಡಿ. 2001ರದ್ದರಲ್ಲಿ ಕೆಲವು ಪುಟಗಳು ತುಂಬ ಮೆತ್ತಗಾಗಿವೆ. ಅದನ್ನು ನಾನೇ ತಿರುವಿ ತೋರಿಸುತ್ತೇನೆ.